ಡಾಂಬರು ಗುಳಿಗೆ, ಥಿನ್ನರ್ ಮತ್ತು 37 ಕುದುರೆಗಳು

ಪೆಟ್ರೋಲಿಗೆ ಇನ್ನೇನನ್ನೋ ಬೆರೆಸುವುದು ಮೈಸೂರಿನಲ್ಲಿ ಬೆಳೆದ ಹುಡುಗರಿಗೆ ವಿಚಿತ್ರ ಅನ್ನಿಸುತ್ತಲೇ ಇರಲಿಲ್ಲ. ಊರಿಗೆ ಊರೇ ಅದನ್ನು ಮಾಡುತ್ತಿತ್ತು. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಆಮೇಲೆ ಬಂದ ಯೆಜ್ಡಿ, ಎರಡೂ ಟೂ ಸ್ಟ್ರೋಕ್ ಗಾಡಿಗಳು. ಬಂಕಿಗೆ ಹೋದರೆ ಪೆಟ್ರೋಲಿನ ಜೊತೆ ಆಯಿಲ್ ಹಾಕಿಸಲೇಬೇಕು. ಬಂಕಿನ ಹುಡುಗ ಸಣ್ಣ ಅಳತೆ ಪಾತ್ರೆಯಲ್ಲಿ ಆಯಿಲ್ ತೆಗೆದು ಟ್ಯಾಂಕಿಗೆ ಸುರಿಯುತ್ತಿದ್ದ. ಸವಾರ ಮುಚ್ಚಳ ತಿರುಗಿಸಿ, ಹ್ಯಾಂಡಲ್ ಒಂದು ಕೈಯಲ್ಲಿ, ಸೀಟಿನ ಹಿಂಬದಿ ಇನ್ನೊಂದು ಕೈಯಲ್ಲಿ ಹಿಡಿದು ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, ಒಳಗೆ ಗುಳುಗುಳು ಸದ್ದು ಕೇಳಿದ ಮೇಲೆ ಕಿಕ್ ಹೊಡೆಯುತ್ತಿದ್ದ. ಆಯಿಲ್ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ ಸೀಜ್. ಎಷ್ಟು ಹಾಕಿದರೆ ಗಾಡಿ 'ಕಿತ್ತುಕೊಂಡು ಹೋಗುತ್ತದೆ' ಎಂಬ ಬಗ್ಗೆ ಒಬ್ಬೊಬ್ಬರದು ಒಂದೊಂದು ಸಿದ್ಧಾಂತ.

ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಬೆರೆಸುವ ಚಟ ಮಾತ್ರ ಊರು ಬಿಟ್ಟು ಹೋಗಲಿಲ್ಲ.

ಕುವೆಂಪುನಗರದ ಒಂದು ಮನೆಯಲ್ಲಿ ಅದು ಕಾರಿಗೆ ವರ್ಗವಾಯಿತು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಬಿಳಿ ಮಾರುತಿ 800, ಭಾನುವಾರಗಳಲ್ಲಿ ಗೇಟಿನ ಮುಂದೆ ಸೇರುತ್ತಿದ್ದ ಅವನ ಕಾಲೇಜಿನ ಗೆಳೆಯರು. ಕಾರಿನದು 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಶಕ್ತಿ 37 ಬಿಎಚ್‌ಪಿ. ಒಬ್ಬರೇ ಕೂತು ನಂಜನಗೂಡು ರಸ್ತೆಯಲ್ಲಿ ಹೋದರೆ ಅಂಥ ಚುರುಕಿನ ಗಾಡಿ ಇನ್ನೊಂದಿಲ್ಲ. ಐದು ಜನ ತುಂಬಿಕೊಂಡು ಚಾಮುಂಡಿ ಬೆಟ್ಟ ಹತ್ತಿದಾಗ ಅದರ ನಿಜರೂಪ ಗೊತ್ತಾಗುತ್ತಿತ್ತು. ತಾವರೆಕಟ್ಟೆ ದಾಟಿ ಏರು ಶುರುವಾದ ಕೂಡಲೇ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ಟಿನ ಒಳಗಿಂದ ಕಿಟಿಕಿಟಿ ಸದ್ದು. ಹಿಂದಿನ ಸೀಟಿನಿಂದ ಅತ್ತೆಯವರು, "ಏನೋ ಅದು, ಒಳಗೆ ಯಾರೋ ಮೊಳೆ ಹೊಡೀತಿರೋ ಹಾಗಿದೆ?" ಎಂದು ಕೇಳುತ್ತಿದ್ದರು. ಹುಡುಗ ಎರಡನೇ ಗೇರಿಗೆ ಇಳಿಸುತ್ತಿದ್ದ, ಸದ್ದು ನಿಲ್ಲುತ್ತಿತ್ತು, ಕಾರು ತೆವಳುತ್ತಿತ್ತು.

ಮೆಕ್ಯಾನಿಕ್‌ಗಳು 'ನಾಕಿಂಗ್' ಅನ್ನುವ ಸದ್ದು ಅದು. ಸಿಲಿಂಡರಿನಲ್ಲಿ ಪ್ಲಗ್ ಕಿಡಿ ಹಾರಿಸಿದ ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಲಾಗಿ ಹರಡಬೇಕು. ಆ ಬೆಂಕಿ ಮೂಲೆ ಮುಟ್ಟುವುದರೊಳಗೆ, ಅಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ನಲುಗಿದ ಉಳಿದ ಪೆಟ್ರೋಲ್ ಆವಿ ತಾನೇ ಭಗ್ಗೆಂದರೆ ನಾಕ್. ಈ ಒತ್ತಡವನ್ನು ಪೆಟ್ರೋಲ್ ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್. ಆಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದದ್ದು 87 ಆಕ್ಟೇನ್ ಪೆಟ್ರೋಲು. ಹುಡುಗರಿಗೆ ಅರ್ಥವಾಗಿದ್ದು ಇಷ್ಟೇ: ಆಕ್ಟೇನ್ ಏರಿಸಿದರೆ ಪಿಕಪ್ ಏರುತ್ತದೆ.

ಮೊದಲ ಪಾಕವಿಧಾನ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ತೂಕಕ್ಕೆ ಕೊಂಡ ವಿದೇಶಿ ಕಾರು ಪತ್ರಿಕೆಯೊಂದರಲ್ಲಿ. ಓದುಗರ ಓಲೆಯ ವಿಭಾಗದಲ್ಲಿ ಯಾರೋ ತನ್ನ ತಾತನ ಕಾಲದ ಗುಟ್ಟು ಬಿಟ್ಟುಕೊಟ್ಟಿದ್ದ: ಟ್ಯಾಂಕಿಗೆ ಒಂದು ಹಿಡಿ ನ್ಯಾಫ್ತಲೀನ್ ಗುಳಿಗೆ. ಅಂದರೆ ಸೀರೆ ಬೀರುವಿನಲ್ಲಿಡುವ ಡಾಂಬರು ಗುಳಿಗೆ. ದಿನಸಿ ಅಂಗಡಿಯಲ್ಲಿ ಪೊಟ್ಟಣಗಟ್ಟಲೆ ಸಿಗುವ, ಅಪ್ಪನ ಅನುಮತಿ ಬೇಡದ ಸಾಮಾನು. ಟವೆಲಿನಲ್ಲಿ ಸುತ್ತಿ ಕಲ್ಲಿನಿಂದ ಕುಟ್ಟಿ ಪುಡಿ ಮಾಡಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಪೆಟ್ರೋಲಿಗೆ ಹಾಕಿ ಕುಲುಕಿದರೆ ಸದ್ದಿಲ್ಲದೆ ಕರಗಿತು. ಮರುದಿನ ಬೆಳಿಗ್ಗೆ ಕಾರಿನ ಬಾಗಿಲು ತೆಗೆದ ಅಪ್ಪ ಮೂಗು ಮುಚ್ಚಿಕೊಂಡು ಕೇಳಿದ್ದು ಒಂದೇ ಮಾತು: "ಏನೋ ಇದು, ನಿಮ್ಮಜ್ಜಿ ಟ್ರಂಕು ತೆಗೆದ ಹಾಗಿದೆಯಲ್ಲೋ!"

ಆ ವಾರವಿಡೀ ಗೆಳೆಯರೆಲ್ಲ ಕಾರು ಹಾರುತ್ತಿದೆ ಎಂದರು. ಪಿಕಪ್ ಎಂಬುದನ್ನು ಸೀಟಿನಲ್ಲಿ ಕೂತು ಬೆನ್ನಿನಿಂದ ಅಳೆಯುವ ಕಾಲ ಅದು. ದುಡ್ಡು ಹಾಕಿ ಶ್ರಮಪಟ್ಟವರ ಬೆನ್ನು ಯಾವಾಗಲೂ ಒಳ್ಳೆಯ ವರದಿಯನ್ನೇ ಕೊಡುತ್ತದೆ.

ಕೆಲವು ದಿನ ಕಾರು ಶೆಡ್ಡಿನಲ್ಲೇ ನಿಂತಿತ್ತು. ಆಮೇಲೆ ಸ್ಟಾರ್ಟ್ ಆದರೂ ಐಡ್ಲಿಂಗಿನಲ್ಲಿ ನಿಲ್ಲಲಿಲ್ಲ. ಮಿಸ್ಸಿಂಗ್ ಹೊಡೆದು ಆಫ್ ಆಗುತ್ತಿತ್ತು. ಮಂಡಿ ಮೊಹಲ್ಲಾದ ಗ್ಯಾರೇಜಿನ ಭಾಯ್ ಕಾರ್ಬೊರೇಟರ್ ಬಿಚ್ಚಿ, ಫ್ಲೋಟ್ ಕೂರುವ ಬಟ್ಟಲನ್ನು ಬಿಸಿಲಿಗೆ ಹಿಡಿದರು. ತಳದಲ್ಲಿ ಅಭ್ರಕದಂತೆ ಹೊಳೆಯುವ ತೆಳುವಾದ ಬಿಳಿ ಹಕ್ಕಳೆಗಳು. ಐಡಲ್ ಜೆಟ್ಟಿನ ಸೂಜಿಗಣ್ಣಿನಷ್ಟಿರುವ ತೂತಿನ ಬಾಯಿಗೂ ಅದೇ ಕೂತಿತ್ತು. ಭಾಯ್ ಬೆರಳಿನಿಂದ ಉಜ್ಜಿ ಮೂಸಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಕುತೂಹಲ ಹೆಚ್ಚಿತ್ತು.

"ಏನ್ ಕುಡಿಸಿದ್ರಿ ಇದಕ್ಕೆ?"

ಉತ್ತರ ಕೇಳಿ ಅವರು ನಗಲಿಲ್ಲ. ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ಟಿಂಕರ್ ಕಡೆ ತಿರುಗಿ, "ನಿಮ್ಮ ಕಾಲದಲ್ಲೂ ಇದನ್ನ ಹಾಕ್ತಿದ್ರಲ್ಲ ಚಾಚಾ?" ಎಂದರು. ಚಾಚಾ ಹೌದೆಂದು ತಲೆ ಆಡಿಸಿದರು.

ಚಾಚಾ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನ್ಯಾಫ್ತಲೀನ್ ಬರುವುದು ಕಲ್ಲಿದ್ದಲ ಟಾರಿನಿಂದ. ಅದೇ ಕಲ್ಲಿದ್ದಲ ಮೂಲದ ಬೆಂಜಾಲ್ ಎಂಬ ದ್ರವವನ್ನು ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ನಂತರ ಬಂಕುಗಳಲ್ಲೇ ಪೆಟ್ರೋಲಿನ ಜೊತೆ ಬೆರೆಸಿ ಮಾರುತ್ತಿದ್ದರು. ಆ ಕಾಲದ ಪೆಟ್ರೋಲ್ ಎಷ್ಟು ಬಡಕಲಾಗಿತ್ತೆಂದರೆ ಅದಕ್ಕೆ ಇಂಥದ್ದೇನು ಸೇರಿಸಿದರೂ ಸ್ವಲ್ಪ ಮೇಲಕ್ಕೆ ಬರುತ್ತಿತ್ತು. ನ್ಯಾಫ್ತಲೀನಿನ ಆಕ್ಟೇನ್ ಸುಮಾರು 90. 60ರ ಪೆಟ್ರೋಲಿಗೆ ಅದು ಔಷಧ, 87ರ ಪೆಟ್ರೋಲಿಗೆ ಬರೀ ಕಸ. ಸಾಲದ್ದಕ್ಕೆ ಅದು 80 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಗಟ್ಟಿ ಪದಾರ್ಥ. ಪೆಟ್ರೋಲ್ ಆರಿದ ಜಾಗದಲ್ಲೆಲ್ಲ ಹರಳಾಗಿ ಕೂರುತ್ತದೆ. ಭಾಯ್ ಬಟ್ಟಲಿನಲ್ಲಿ ಕಂಡದ್ದು ಅದನ್ನೇ.

ಮನೆಯಲ್ಲಿ ಕೂತು ಪೆಟ್ರೋಲಿಗೆ ಕೈಗೆ ಸಿಕ್ಕಿದ್ದನ್ನು ಸುರಿಯುವ ಚಟಕ್ಕೆ ದೊಡ್ಡ ವಂಶಾವಳಿಯೇ ಇದೆ. ಅದರ ಮೂಲಪುರುಷ ಅಮೆರಿಕದ ಥಾಮಸ್ ಮಿಡ್ಜ್‌ಲಿ. 1916ರಲ್ಲಿ ಓಹಾಯೊ ರಾಜ್ಯದ ಡೇಟನ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಕೈಕೆಳಗೆ ಈ ಯುವ ಇಂಜಿನಿಯರ್ ನಾಕಿಂಗಿನ ಬೆನ್ನು ಬಿದ್ದ. ಪೆಟ್ರೋಲಿಗೆ ಕೆಂಪು ಬಣ್ಣ ಹಾಕಿದರೆ ಅದು ಶಾಖವನ್ನು ಬೇಗ ಹೀರಿ ಚೆನ್ನಾಗಿ ಆವಿಯಾದೀತು ಎಂಬುದು ಗುರುಶಿಷ್ಯರ ಊಹೆ. ಉಗ್ರಾಣದಲ್ಲಿ ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಇರಲಿಲ್ಲ, ಅಯೋಡಿನ್ ಇತ್ತು. ಹಾಕಿದರು, ನಾಕಿಂಗ್ ಇಳಿಯಿತು! ಆಮೇಲೆ ನಿಜವಾದ ಕೆಂಪು ಬಣ್ಣಗಳನ್ನು ತರಿಸಿ ಹಾಕಿದರೆ ಏನೂ ಆಗಲಿಲ್ಲ. ಊಹೆ ಪೂರ್ತಿ ತಪ್ಪು, ಫಲಿತಾಂಶ ಮಾತ್ರ ಸರಿ. ಅಲ್ಲಿಂದ ಮುಂದೆ ಮಿಡ್ಜ್‌ಲಿ ಸಿಕ್ಕಸಿಕ್ಕದ್ದನ್ನೆಲ್ಲ ಹಾಕಿ ನೋಡಿದ. ಅನಿಲಿನ್ ಕೆಲಸ ಮಾಡಿತು, ಆದರೆ ಹೊಗೆಯ ನಾತ ತಡೆಯಲಾಗಲಿಲ್ಲ. ಟೆಲ್ಯೂರಿಯಂ ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಅದನ್ನು ಮುಟ್ಟಿದವರ ಮೈಯಿಂದ ಬೆಳ್ಳುಳ್ಳಿ ವಾಸನೆ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ.

1921ರ ಡಿಸೆಂಬರ್ 9ರಂದು ಸಿಕ್ಕಿದ್ದು ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಸಂಯುಕ್ತ. ಚೂರೇ ಚೂರು ಸಾಕು, ನಾಕಿಂಗ್ ಮಾಯ. 1923ರ ಫೆಬ್ರವರಿಯಲ್ಲಿ ಅದೇ ಡೇಟನ್‌ನ ಬಂಕೊಂದರಲ್ಲಿ ಮಾರಾಟ ಶುರುವಾಯಿತು. ವ್ಯಾಪಾರದ ಹೆಸರು 'ಈಥೈಲ್', ಸೀಸದ ಸುದ್ದಿಯೇ ಇಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಭ್ರಮೆ ಹಿಡಿದವರಂತಾಗಿ, ಐವರು ಸತ್ತರು. ಆ ತಿಂಗಳ ಕೊನೆಯಲ್ಲಿ ಪತ್ರಕರ್ತರ ಎದುರು ಮಿಡ್ಜ್‌ಲಿ ಅದೇ ದ್ರವದಲ್ಲಿ ಕೈ ತೊಳೆದು, ಮೂಸಿ, ಏನೂ ಆಗುವುದಿಲ್ಲ ಎಂದು ತೋರಿಸಿದ. ಸೀಸದ ವಿಷ ಏರಿ ಅದರ ಹಿಂದಿನ ವರ್ಷವೇ ತಾನು ರಜೆ ಹಾಕಿ ಮಲಗಿದ್ದನ್ನು ಮಾತ್ರ ಹೇಳಲಿಲ್ಲ. ಭಾರತದ ಬಂಕುಗಳಿಂದ ಸೀಸ ಪೂರ್ತಿ ತೊಲಗಿದ್ದು 2000ದ ಫೆಬ್ರವರಿ 1ರಂದು. ಅಂದರೆ ಮೈಸೂರಿನ ಆ ಹುಡುಗರು ನಾಕಿಂಗ್ ತಡೆಯಲು ಡಾಂಬರು ಗುಳಿಗೆ ಕುಟ್ಟುತ್ತಿದ್ದಾಗ, ಟ್ಯಾಂಕಿನಲ್ಲಿದ್ದ ಪೆಟ್ರೋಲಿನಲ್ಲಿ ಮಿಡ್ಜ್‌ಲಿಯ ಪಾಕ ಮೊದಲೇ ಬೆರೆತಿತ್ತು.

ಗುಳಿಗೆಯ ನಂತರದ ಸರದಿ ಥಿನ್ನರಿನದು. ಅದಕ್ಕೆ ಕುಮ್ಮಕ್ಕು ಕೊಟ್ಟಿದ್ದು ಕೇಬಲ್ ಟಿವಿ. ಫಾರ್ಮುಲಾ ವನ್ ರೇಸು ಮನೆಮನೆಗೆ ಬಂದ ಹೊಸತು, ಐರ್ಟನ್ ಸೆನ್ನಾ ಹೆಸರು ಕಾಲೇಜಿನ ಕ್ಯಾಂಟೀನಿನಲ್ಲಿ ನಿತ್ಯಪಠಣ. 1988ರಲ್ಲಿ ಸೆನ್ನಾ ಮತ್ತು ಪ್ರಾಸ್ಟ್ ಓಡಿಸಿದ ಮೆಕ್‌ಲಾರೆನ್ ಕಾರು 16 ರೇಸುಗಳಲ್ಲಿ 15 ಗೆದ್ದಿತ್ತು. ಅದರ ಹೋಂಡಾ ಇಂಜಿನ್ ಬಗ್ಗೆ ಕಂಪನಿಯವರೇ ಆಮೇಲೆ ಪ್ರಬಂಧ ಪ್ರಕಟಿಸಿದರು. ಇಂಧನದಲ್ಲಿ ಶೇ 84 ಟಾಲ್ವೀನ್, ಶೇ 16 ನಾರ್ಮಲ್ ಹೆಪ್ಟೇನ್. ಒಂದೂವರೆ ಲೀಟರಿನ ಆ ಪುಟ್ಟ ಟರ್ಬೊ ಇಂಜಿನ್ 680ರ ಆಸುಪಾಸಿನ ಅಶ್ವಶಕ್ತಿ ಕೊಡುತ್ತಿತ್ತು. ಗೆಳೆಯರಲ್ಲೊಬ್ಬ ಕೆಮಿಕಲ್ ಇಂಜಿನಿಯರಿಂಗಿನವನು. ಅವನ ಕಣ್ಣು ಆ 84ರ ಮೇಲೆ ನೆಟ್ಟಿತು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಥಿನ್ನರಿನಲ್ಲಿ ಟಾಲ್ವೀನ್ ಇರುತ್ತದೆ. ಅಪ್ಪಟ ಟಾಲ್ವೀನ್ ಬೇಕಾದರೆ ಕೆಮಿಕಲ್ ಅಂಗಡಿಯಲ್ಲಿ ಕ್ಯಾನ್ ಲೆಕ್ಕದಲ್ಲಿ ಸಿಗುತ್ತದೆ. ಸೆನ್ನಾನ ಟ್ಯಾಂಕಿನಲ್ಲಿದ್ದದ್ದು ಮೈಸೂರಿನಲ್ಲೂ ಸಿಗುತ್ತದೆ ಎಂದ ಮೇಲೆ ತಡೆಯುವವರು ಯಾರು?

ಆ 84ರ ಜೊತೆಗಿದ್ದ 16ರ ಕಡೆ ಯಾರೂ ನೋಡಲಿಲ್ಲ. ಕಥೆಯ ತಿರುಳಿರುವುದು ಅಲ್ಲಿ. ಆಕ್ಟೇನ್ ಮಾಪನವನ್ನು 1926ರಲ್ಲಿ ರೂಪಿಸಿದವನು ಗ್ರಹಾಂ ಎಡ್ಗರ್ ಎಂಬ ರಸಾಯನ ವಿಜ್ಞಾನಿ. ನಾಕಿಂಗನ್ನು ಚೆನ್ನಾಗಿ ತಡೆಯುವ ಐಸೊಆಕ್ಟೇನ್‌ಗೆ 100, ಒಂದಿಷ್ಟೂ ತಡೆಯದ ನಾರ್ಮಲ್ ಹೆಪ್ಟೇನ್‌ಗೆ ಸೊನ್ನೆ. ಆ ಸೊನ್ನೆಯ ದ್ರವವನ್ನು ಮೊದಮೊದಲು ಇಳಿಸುತ್ತಿದ್ದದ್ದು ಕ್ಯಾಲಿಫೋರ್ನಿಯಾ ಕಡೆಯ ಜೆಫ್ರಿ ಪೈನ್ ಮರದ ರಾಳದಿಂದ. ಪೆಟ್ರೋಲಿನ ಆಕ್ಟೇನ್ ಅಳೆಯಲು ಇಂದಿಗೂ ಬಳಸುವುದು ಒಂಟಿ ಸಿಲಿಂಡರಿನ ಒಂದು ವಿಶೇಷ ಇಂಜಿನನ್ನು. ಅದು ಓಡುತ್ತಿರುವಾಗಲೇ ಅದರ ಕಂಪ್ರೆಶನ್ ಏರಿಸಿ ಇಳಿಸಿ ನಾಕಿಂಗ್ ಎಲ್ಲಿ ಶುರುವಾಗುತ್ತದೆ ಎಂದು ನೋಡುತ್ತಾರೆ. ಫಾರ್ಮುಲಾ ವನ್ ನಿಯಮದಲ್ಲಿ ಆಕ್ಟೇನ್ 102 ಮೀರುವಂತಿರಲಿಲ್ಲ. ಟಾಲ್ವೀನಿನದು ಸುಮಾರು 120. ಅದಕ್ಕೇ ಹೋಂಡಾದವರು ಸೊನ್ನೆ ಆಕ್ಟೇನಿನ ಹೆಪ್ಟೇನ್ ಸೇರಿಸಿ ಬೇಕೆಂದೇ ಕೆಳಗಿಳಿಸಿದರು. ಶಕ್ತಿ ಬಂದದ್ದು ಟಾಲ್ವೀನಿನಿಂದ ಅಲ್ಲ, ಟರ್ಬೊ ಗಾಳಿಯನ್ನು ಎರಡೂವರೆ ಬಾರ್ ಒತ್ತಡದಲ್ಲಿ ಒಳಗೆ ತುರುಕುತ್ತಿದ್ದದ್ದರಿಂದ. ಟಾಲ್ವೀನ್ ಅಲ್ಲಿ ಮಾಡಿದ ಕೆಲಸ ಆ ಒತ್ತಡವನ್ನು ತಡೆದುಕೊಂಡದ್ದು, ಜೊತೆಗೆ ಸಣ್ಣ ಟ್ಯಾಂಕಿನಲ್ಲಿ ಹೆಚ್ಚು ಶಕ್ತಿ ಹಿಡಿಸಿದ್ದು. ಅದೂ ಸುಮ್ಮನೆ ಉರಿಯುತ್ತಿರಲಿಲ್ಲ. ಟಾಲ್ವೀನ್ ಕುದಿಯುವುದು 110 ಡಿಗ್ರಿಯ ಮೇಲೆ. ಸರಿಯಾಗಿ ಆವಿಯಾಗಲೆಂದು ಹೋಂಡಾದವರು ಇಂಧನವನ್ನು ಮೊದಲೇ ಬಿಸಿ ಮಾಡಿ ಇಂಜಿನ್ನಿಗೆ ಕೊಡುತ್ತಿದ್ದರು.

ಮಾರುತಿಯ ಕಂಪ್ರೆಶನ್ ಅನುಪಾತ ಸುಮಾರು 8.7. ಟರ್ಬೊ ಇಲ್ಲ. 87 ಆಕ್ಟೇನಿಗೆ ಹೇಳಿ ಮಾಡಿಸಿದ ಇಂಜಿನ್ನು. ಅದಕ್ಕೆ ನೂರರ ಪೆಟ್ರೋಲ್ ಕೊಟ್ಟರೂ ಅದು 37ರ ಮೇಲೆ ಒಂದು ಕುದುರೆಯನ್ನೂ ಕೊಡುವುದಿಲ್ಲ. ಆಕ್ಟೇನ್ ಅನ್ನುವುದು ಬಲವಲ್ಲ, ತಾಳ್ಮೆ. ಹೆಡ್ ಪ್ಲೇನ್ ಮಾಡಿಸಿ ಕಂಪ್ರೆಶನ್ ಏರಿಸಿ, ಪ್ಲಗ್ಗಿನ ಕಿಡಿ ಹಾರುವ ಟೈಮಿಂಗ್ ಮುಂದಕ್ಕಿಟ್ಟರೆ ಆ ತಾಳ್ಮೆ ಉಪಯೋಗಕ್ಕೆ ಬರುತ್ತದೆ. ರ್‍ಯಾಲಿಗೆ ಹೋಗುವವರು ಮಾಡುತ್ತಿದ್ದದ್ದು ಅದನ್ನೇ. ಬರೀ ಟ್ಯಾಂಕಿಗೆ ಸುರಿದರೆ ದುಡ್ಡು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ.

ಲೆಕ್ಕವನ್ನೂ ನೋಡಬೇಕು. ಹತ್ತನೇ ಒಂದು ಪಾಲು ಟಾಲ್ವೀನ್ ಬೆರೆಸಿದರೆ 87 ಇದ್ದದ್ದು ಹೆಚ್ಚೆಂದರೆ 90 ಆದೀತು. ಅದಕ್ಕೆ 25 ಲೀಟರ್ ಪೆಟ್ರೋಲಿಗೆ ಎರಡೂವರೆ ಲೀಟರ್ ಟಾಲ್ವೀನ್ ಬೇಕು. ಅಂಗಡಿಗಳಲ್ಲಿ ಅಂಗೈಯಗಲದ ಬಾಟಲಿಯಲ್ಲಿ ಮಾರುವ 'ಆಕ್ಟೇನ್ ಬೂಸ್ಟರ್'ಗಳ ಜಾಹೀರಾತಿನಲ್ಲಿ 'ಮೂರು ಪಾಯಿಂಟ್ ಏರಿಕೆ' ಎಂದಿರುತ್ತದೆ. ಅನೇಕ ಸಲ ಆ ಪಾಯಿಂಟ್ ಅಂದರೆ ದಶಾಂಶದ ನಂತರದ ಅಂಕಿ. 87 ಇದ್ದದ್ದು 87.3 ಆಗುತ್ತದೆ, ಅಷ್ಟೇ. ಹುಡುಗರಿಗೆ ಆ ಮೋಸವಾದರೂ ಇರಲಿಲ್ಲ, ಅವರು ಧಾರಾಳವಾಗಿಯೇ ಸುರಿಯುತ್ತಿದ್ದರು. ಪ್ಲಾಸ್ಟಿಕ್ ಲಾಳಿಕೆ, ಮುಚ್ಚಿದ ಶೆಡ್ಡು, ಯಾರ ಕೈಗೂ ಗವಸಿಲ್ಲ, ಆಚೆ ಗೋಡೆಯ ಮಗ್ಗುಲಲ್ಲಿ ಅಮ್ಮನ ಗ್ಯಾಸ್ ಒಲೆ. ಟಾಲ್ವೀನ್ ಆವಿ ಮೈಸೂರಿನ ಚಳಿಗಾಲದ ಬೆಳಗಿನಲ್ಲೂ ಕಿಡಿಗೆ ಹೊತ್ತಿಕೊಳ್ಳುವಂಥದ್ದು. ತಲೆಸುತ್ತು ಬಂದವನು ಬಾಗಿಲಾಚೆ ಕೂತು ಸುಧಾರಿಸಿಕೊಂಡು ಮತ್ತೆ ಬರುತ್ತಿದ್ದ. ಹೊತ್ತಿಕೊಳ್ಳಲಿಲ್ಲ ಎಂಬುದನ್ನು ಅದೃಷ್ಟದ ಲೆಕ್ಕಕ್ಕೇ ಹಾಕಬೇಕು.

ಪರೀಕ್ಷೆಯನ್ನು ಮಾತ್ರ ಈ ಸಲ ಬೆನ್ನಿಗೆ ಬಿಡಲಿಲ್ಲ. ತಾವರೆಕಟ್ಟೆಯಿಂದ ನಂದಿಯ ಕಡೆಗೆ ರಸ್ತೆ ಕವಲೊಡೆಯುವ ತಿರುವಿನವರೆಗೆ, ಸ್ಟಾಪ್‌ವಾಚ್ ಹಿಡಿದು, ಅದೇ ನಾಲ್ಕು ಜನರನ್ನು ಕೂರಿಸಿಕೊಂಡು ಏರಿದರು. ಆಗ ಸಿಕ್ಕ ಫಲಿತಾಂಶ ಅವರನ್ನು ಗೊಂದಲಕ್ಕೆ ಕೆಡವಿತು. ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಕಿಟಿಕಿಟಿ ಸದ್ದು ನಿಂತೇಹೋಗಿತ್ತು.

ಈ ಒಗಟನ್ನು ಹೊತ್ತು ಗ್ಯಾರೇಜಿಗೆ ಹೋದಾಗ ಭಾಯ್ ಕೇಳಿದ ಮೊದಲ ಪ್ರಶ್ನೆ ಟಾಲ್ವೀನಿನ ಬಗ್ಗೆ ಅಲ್ಲ. "ಪೆಟ್ರೋಲ್ ಎಲ್ಲಿ ಹಾಕಿಸ್ತೀರಿ?" ಹುಡುಗ ಬಂಕಿನ ಹೆಸರು ಹೇಳಿದ. ಭಾಯ್ ಇನ್ನೊಂದು ಬಂಕಿನ ಹೆಸರು ಹೇಳಿ, "ಟ್ಯಾಂಕ್ ಖಾಲಿ ಮಾಡಿ ಅಲ್ಲಿ ಹಾಕಿಸ್ಕೊಂಡು ಬೆಟ್ಟ ಹತ್ತಿ. ಏನೂ ಬೆರೆಸ್ಬೇಡಿ" ಎಂದರು. ಹತ್ತಿದರು. ಸದ್ದು ಬಹುಪಾಲು ಇಲ್ಲ.

ಹಳೆಯ ಬಂಕಿಗೆ ಅಪ್ಪನೇ ಹೋಗಿ ಫಿಲ್ಟರ್ ಪೇಪರ್ ಕೇಳಿದರು. ಗ್ರಾಹಕ ಕೇಳಿದರೆ ಬಂಕಿನವರು ಕೊಡಲೇಬೇಕಾದ ಕಾಗದ ಅದು. ನಳಿಗೆಯ ತುದಿ ಒರೆಸಿ ಒಂದು ಹನಿ ಬಿಟ್ಟರೆ, ಶುದ್ಧ ಪೆಟ್ರೋಲ್ ಎರಡು ನಿಮಿಷದಲ್ಲಿ ಗುರುತಿಲ್ಲದೆ ಆರಬೇಕು. ಅಂದು ಆರಿದ ಜಾಗದಲ್ಲಿ ನಾಲ್ಕಾಣೆ ಬಿಲ್ಲೆಯಷ್ಟಗಲ ಎಣ್ಣೆಯ ಕಲೆ ಉಳಿಯಿತು. ಬಂಕಿನವನು "ಕಾಗದ ಸರಿ ಇಲ್ಲ ಸಾರ್" ಎಂದ. ಅಪ್ಪ ಜಗಳವಾಡುವ ಜಾತಿಯವರಲ್ಲ. ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದರು.

ಆ ಕಲೆ ಪೆಟ್ರೋಲಿಗೆ ಬೆರೆಸಿದ್ದ ಸೀಮೆಎಣ್ಣೆಯದು. ಸೀಮೆಎಣ್ಣೆಯ ಆಕ್ಟೇನ್ ತೀರಾ ಕೆಳಗಿನದು. ಅದು ಸ್ವಲ್ಪ ಬೆರೆತರೂ ಪೆಟ್ರೋಲಿನ ತಡೆದುಕೊಳ್ಳುವ ಗುಣ ಕುಸಿಯುತ್ತದೆ, ಏರಿನಲ್ಲಿ ಇಂಜಿನ್ ಕೂಗುತ್ತದೆ. ಹುಡುಗರು ಕೈಯಿಂದ ದುಡ್ಡು ಹಾಕಿ ಸುರಿದ ಟಾಲ್ವೀನ್ ಅದನ್ನು ಎತ್ತಿ ಮೊದಲಿದ್ದ ಜಾಗಕ್ಕೆ ತಂದು ನಿಲ್ಲಿಸಿತ್ತು. ಕಾರಿಗೆ ಶಕ್ತಿ ಬಂದಿರಲಿಲ್ಲ, ಕಳುವಾಗಿದ್ದ ತಾಳ್ಮೆ ವಾಪಸ್ ಬಂದಿತ್ತು. ಆ ಕಾಲದಲ್ಲಿ ದೇಶದ ಗ್ಯಾರೇಜುಗಳಲ್ಲಿ ಹುಟ್ಟಿಕೊಂಡ ಎಷ್ಟೋ 'ಪಿಕಪ್ ಔಷಧ'ಗಳ ಖ್ಯಾತಿಯ ಹಿಂದೆ ಇದೇ ಕಾರಣವಿದ್ದಿರಬೇಕು. ಪೆಟ್ರೋಲ್ ಶುದ್ಧವಾಗಿ ಸಿಗುವ ಊರಿನಲ್ಲಿ ಆ ಔಷಧಕ್ಕೆ ಗಿರಾಕಿಯೇ ಇರುತ್ತಿರಲಿಲ್ಲ.

ಇದರಲ್ಲೇ ಇನ್ನೊಂದು ಎಳೆಯಿದೆ. ನಾಫ್ತಾ ಎಂಬುದು ಅಗ್ಗದ, ಕಡಿಮೆ ಆಕ್ಟೇನಿನ ದ್ರವ, ಟಾಲ್ವೀನ್ ಹೆಚ್ಚಿನದು. ಎರಡನ್ನೂ ಹದವಾಗಿ ಸೇರಿಸಿದರೆ ಕಾರು ಓಡುತ್ತದೆ. ಪಿಕಪ್ ಬೇಕೆನ್ನುವ ಹುಡುಗನೂ ಪೆಟ್ರೋಲ್ ಕಲಬೆರಕೆ ಮಾಡುವವನೂ ಕೈ ಹಾಕುವುದು ಒಂದೇ ಡ್ರಮ್ಮಿಗೆ. 1996ರಲ್ಲಿ ತಮಿಳುನಾಡಿನ ರಾಜಪಾಳಯಂ ಬಳಿಯ ರಾಮರ್ ಪಿಳ್ಳೈ ಎಂಬಾತ ನೀರಿಗೆ ಗಿಡಮೂಲಿಕೆ ಹಾಕಿ ಕುದಿಸಿ ಪೆಟ್ರೋಲ್ ಮಾಡುತ್ತೇನೆಂದಾಗ ಇಡೀ ದೇಶ ಬಾಯಿ ತೆರೆದು ನೋಡಿತು. ಕುವೆಂಪುನಗರದ ಗೇಟಿನ ಮುಂದೆ ಅಂದು ಬೇರೆ ಮಾತೇ ಇರಲಿಲ್ಲ. ಯಾವ ಸೊಪ್ಪು ಅದು, ನಮ್ಮ ಬೆಟ್ಟದಲ್ಲಿ ಸಿಕ್ಕೀತೇ ಎಂಬ ಚರ್ಚೆ ನಡೆಯಿತು. ವಿಜ್ಞಾನಿಗಳು ಒಪ್ಪಲಿಲ್ಲ, ಆದರೂ 1999-2000ದ ಹೊತ್ತಿಗೆ ಆ 'ಮೂಲಿಕೆ ಪೆಟ್ರೋಲ್' ಅಂಗಡಿಗಳಲ್ಲಿ ಮಾರಾಟಕ್ಕಿತ್ತು. ಸಿಬಿಐ ತನಿಖೆಯಲ್ಲಿ ಹೊರಬಿದ್ದದ್ದು ಟಾಲ್ವೀನ್, ನಾಫ್ತಾ ಮುಂತಾದ ಪೆಟ್ರೋಲಿಯಂ ದ್ರವಗಳ ಮಿಶ್ರಣ. 2016ರ ಅಕ್ಟೋಬರಿನಲ್ಲಿ ಚೆನ್ನೈ ನ್ಯಾಯಾಲಯ ಆತನಿಗೆ ಮೂರು ವರ್ಷ ಶಿಕ್ಷೆ ವಿಧಿಸಿತು. ಈ ಮಧ್ಯೆ, 2000ದಲ್ಲೇ, ಸಾಲ್ವೆಂಟುಗಳನ್ನು ವಾಹನಗಳಿಗೆ ಬಳಸುವುದನ್ನು ತಡೆಯಲೆಂದು ಕೇಂದ್ರ ಸರ್ಕಾರ ಅಗತ್ಯ ವಸ್ತುಗಳ ಕಾಯ್ದೆಯಡಿ ಪ್ರತ್ಯೇಕ ಆದೇಶವನ್ನೇ ಹೊರಡಿಸಿತ್ತು.

ಕಲಬೆರಕೆ ಎಷ್ಟು ದೊಡ್ಡ ದಂಧೆ ಎಂಬುದು ಮೈಸೂರಿಗೆ ಮನದಟ್ಟಾಗಿದ್ದು 2005ರ ನವೆಂಬರಿನಲ್ಲಿ. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಎಂಬಿಎ ಮುಗಿಸಿ ಇಂಡಿಯನ್ ಆಯಿಲ್ ಸೇರಿದ್ದ ಮಂಜುನಾಥ್ ಷಣ್ಮುಗಂ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಸೇಲ್ಸ್ ಆಫೀಸರ್ ಆಗಿದ್ದರು. ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಸೀಲ್ ಹಾಕಿಸಿದ್ದರು. ಅದು ಮತ್ತೆ ತೆರೆದಾಗ ತಪಾಸಣೆಗೆ ಹೋದ ಅವರನ್ನು ನವೆಂಬರ್ 19ರಂದು ಗುಂಡಿಟ್ಟು ಕೊಂದರು. ವಯಸ್ಸು 27. ಆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಮಂಡಿ ಮೊಹಲ್ಲಾದ ಗ್ಯಾರೇಜಿನಲ್ಲಿ ಭಾಯ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿಸಿದರಂತೆ. ಅಷ್ಟರಲ್ಲಿ ಗೇಟಿನ ಮುಂದಿನ ಗುಂಪು ಚದುರಿ, ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ವರ್ಷಗಳೇ ಆಗಿದ್ದವು.

ಮತ್ತೆ ಆ ಮಾರುತಿಯ ಕಥೆಗೆ ಬಂದರೆ, ಅದಕ್ಕೆ ಕೊನೆಗೂ ಪಿಕಪ್ ಬಂದದ್ದುಂಟು. ಟಾಲ್ವೀನ್ ಪ್ರಕರಣದ ಮರುವಾರವೇ ಭಾಯ್ ಒಂದು ಮಧ್ಯಾಹ್ನ ಅದನ್ನು ತಂದುಕೊಟ್ಟರು. ಪ್ಲಗ್‌ಗಳಿಗೆ ಕಿಡಿ ಹಂಚುವ ಡೆಲ್ಕೊದ ನಟ್ಟು ಸಡಿಲಿಸಿ, ಇಂಜಿನ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿ ಕೊಟ್ಟು ಕೇಳಿ ಬಿಗಿ ಮಾಡಿದರು. ಹಿಂದಿನ ಮಾಲೀಕನಿಗೆ ಪಿಕಪ್ ಬೇಕೆಂದು ಯಾರೋ ಟೈಮಿಂಗನ್ನು ಅತಿಯಾಗಿ ಮುಂದಿಟ್ಟಿದ್ದರು. ಕೆಟ್ಟ ಪೆಟ್ರೋಲಿನಲ್ಲಿ ಅದು ನಾಕಿಂಗಿಗೆ ತುಪ್ಪ ಸುರಿದಿತ್ತು. ಏರ್ ಫಿಲ್ಟರ್ ತೆಗೆದು ನೆಲಕ್ಕೆ ಬಡಿದರೆ ಹಿಡಿ ಧೂಳು ಉದುರಿತು. ಟ್ಯಾಪೆಟ್ ಸೆಟ್ ಮಾಡಿದರು. ಕೊನೆಗೆ ಜಾಕಿ ಕೊಟ್ಟು ಹಿಂದಿನ ಚಕ್ರ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಬ್ರೇಕ್ ಸದಾ ಹಿಡಿದುಕೊಂಡೇ ಇತ್ತು. 37 ಕುದುರೆಗಳಲ್ಲಿ ಕೆಲವು ಇಷ್ಟು ದಿನ ಅದನ್ನು ಎಳೆಯುವುದರಲ್ಲೇ ಸವೆದಿದ್ದವು. ಅಂದು ಸಂಜೆ ಕಾರು ಬೆಟ್ಟದ ತಿರುವನ್ನು ಮೂರನೇ ಗೇರಿನಲ್ಲೇ ದಾಟಿತು. ಭಾಯ್ ತೆಗೆದುಕೊಂಡ ಮಜೂರಿ ಟಾಲ್ವೀನಿನ ಕ್ಯಾನಿನ ಬೆಲೆಗಿಂತ ಕಡಿಮೆ.

ಈಗ ಬೆರೆಸುವ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು: ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಎಥನಾಲಿನ ಆಕ್ಟೇನ್ ನೂರಕ್ಕಿಂತ ಹೆಚ್ಚು, ಹಾಗಾಗಿ ನಾಕಿಂಗ್ ತಡೆಯುವ ಗುಣ ಬಿಟ್ಟಿಯಾಗಿ ಬರುತ್ತದೆ. ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಅದರಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಇ20ಗೆಂದು ಮಾಡದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇ 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಆಕ್ಟೇನ್ ಏರಿತು, ಓಟ ಇಳಿಯಿತು. ಆಕ್ಟೇನಿಗೂ ಶಕ್ತಿಗೂ ನೇರ ಸಂಬಂಧವಿಲ್ಲ ಎಂಬುದನ್ನು ಜನ ಈಗ ಬಂಕಿನ ಬಿಲ್ಲಿನಲ್ಲೇ ಓದಿಕೊಳ್ಳುತ್ತಿದ್ದಾರೆ.

ಐವತ್ತರ ಹತ್ತಿರ ಬಂದಿರುವ ಆ ಹುಡುಗನನ್ನು ಈಚೆಗೆ ಅಕ್ಕನ ಮಗ ಕೇಳಿದನಂತೆ: "ಮಾವ, ನಂದು ಟರ್ಬೊ. ನೂರು ಆಕ್ಟೇನಿಂದು ಹಾಕ್ಸಿದ್ರೆ ಪವರ್ ಜಾಸ್ತಿ ಆಗತ್ತಾ?"

"ನಿನ್ನ ಕಾರಿಗೆ ಸ್ವಲ್ಪ ಆದ್ರೂ ಆಗ್ಬಹುದು ಕಣೋ. ನಾಕ್ ಸೆನ್ಸರ್ ಇದೆ, ಕಂಪ್ಯೂಟರ್ರೇ ಟೈಮಿಂಗ್ ಮುಂದಕ್ಕೆ ತಗೊಳ್ಳತ್ತೆ. ಆದ್ರೆ ಅಷ್ಟು ಮುಂದಕ್ಕೆ ಹೋಗೋ ಹಾಗೆ ಕಂಪನಿಯವ್ರು ಬರ್ದಿರ್ಬೇಕು. ಬರ್ದಿಲ್ಲ ಅಂದ್ರೆ ಇಲ್ಲ."

2020ರ ಡಿಸೆಂಬರಿನಲ್ಲಿ ನೂರು ಆಕ್ಟೇನಿನ ಪೆಟ್ರೋಲ್ ಮಾರುಕಟ್ಟೆಗೆ ಬಂದಾಗ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ, ಮಾಮೂಲಿ ಪೆಟ್ರೋಲಿನ ಹತ್ತಿರ ಹತ್ತಿರ ಎರಡರಷ್ಟು. ಅಳಿಯ ಫೋನಿನಲ್ಲಿ ಟ್ಯಾಂಕಿನ ಲೆಕ್ಕ ಹಾಕಿ ನೋಡಿ, ಬೇರೆ ಪ್ರಶ್ನೆ ತೆಗೆದ. ಇನ್‌ಸ್ಟಾಗ್ರಾಮಿನಲ್ಲಿ ಯಾರೋ ಟಾಲ್ವೀನ್ ಬೆರೆಸುವುದನ್ನು ತೋರಿಸುತ್ತಿದ್ದನಂತೆ.

"ಬೆರೆಸೋ ಮೊದಲು ನಾಲ್ಕು ಚಕ್ರಾನೂ ಜಾಕಿ ಮೇಲೆತ್ತಿ ಕೈಯಲ್ಲಿ ತಿರುಗಿಸಿ ನೋಡು" ಎಂದರು ಮಾವ.